ಹೊಲದಲ್ಲಿ ಬೇಟೆನಾಯಿಗಳನ್ನು ಕಾಡುಮೃಗಗಳಿಂದ ಕಾಪಾಡುವ ಕ್ರಮ

ಬೇವೂರು ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲೂಕಿಗೆ ಸೇರಿದ ಗ್ರಾಮವು. ಅದರ ಸುತ್ತಲಿನ ಸೀಮೆಯು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಒಣಬೇಸಾಯದ ಸೀಮೆಯಾಗಿದೆ. ಈ ಜಿಲ್ಲೆಯಲ್ಲಿ ವರ್ಷದ ಮಳೆಯು 600 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಮುಂಗಾರಿಗೆ ಸಜ್ಜೆ, ಹೆಸರು, ಶೇಂಗಾ, ಮೆಕ್ಕೆಜೋಳಗಳೂ ಹಿಂಗಾರಿಗೆ ಬಿಳಿಜೋಳ, ಕಡಲೆಗಳೂ ಇಲ್ಲಿಯ ಮುಖ್ಯ ಬೆಳೆಗಳು. ಮಳೆಯು ತಪ್ಪಿದ ವರ್ಷ ಒಕ್ಕಲಿಗನ ಮನೆಯನ್ನು ಹಿಡಿದು ನಿಲ್ಲಿಸುವುದು ಅವನ ಕುರಿ ಆಡುಗಳೇ. ಆ ಕುರಿ ಆಡುಗಳನ್ನು ಇರುಳು ಹಗಲು ಕಾಯುವುದು ಒಬ್ಬ ಕುರುಬನೂ ಎರಡು ಮೂರು ನಾಯಿಗಳೂ ಮಾತ್ರ. ಹಂದಿಗಳ ಹಿಂಡಿನಿಂದ ಶೇಂಗಾ ಹೊಲವನ್ನು ಉಳಿಸುವುದರಲ್ಲಿಯೂ ನಾಯಿಯ ಪಾಲು ಸಣ್ಣದಲ್ಲ.

ಹೀಗಿದ್ದರೂ ಎತ್ತು ಸತ್ತರೆ ಊರೇ ಮರುಗುವುದು. ನಾಯಿ ಸತ್ತರೆ ಮರುದಿನ ಬೇರೊಂದು ಮರಿಯನ್ನು ತಂದು ಕಟ್ಟುವುದು ವಾಡಿಕೆಯಾಗಿದೆ. ಈ ಎಣಿಕೆಯಲ್ಲಿ ದೊಡ್ಡ ತಪ್ಪುಂಟು. ಮರಿಯು ಬೆಳೆದು, ಹಿಂಡಿನ ರೀತಿಯನ್ನು ಕಲಿತು, ಒಡೆಯನ ದನಿಗೆ ಓಗೊಡುವಂತಾಗಲು ಒಂದೂವರೆ ಎರಡು ವರ್ಷಗಳಾದರೂ ಬೇಕು. ಆ ಕಾಲದಲ್ಲಿ ಹಿಂಡು ಕಾವಲಿಲ್ಲದೆ ಉಳಿಯುತ್ತದೆ. ಚಿರತೆಯು ನಾಯಿಯನ್ನು ಒಯ್ದ ದಡ್ಡಿಗೆ ಮರುವಾರ ಕುರಿಗಾಗಿ ಬಂದರೆ ಆಶ್ಚರ್ಯಪಡಬೇಕಾದುದೇನೂ ಇಲ್ಲ. ಆದುದರಿಂದ ನಾಯಿಯನ್ನು ಕಾಪಾಡುವುದೆಂದರೆ ಹಿಂಡನ್ನು ಕಾಪಾಡುವುದೇ ಆಗಿದೆ.

ಬೇಟೆನಾಯಿಯ ಈಗಿನ ಕೆಲಸ

ಈ ಸೀಮೆಯಲ್ಲಿ ಬೇಟೆನಾಯಿ ಎಂದರೆ ಸಾಮಾನ್ಯವಾಗಿ ಮುಧೋಳದ ಜಾತಿಯ ನಾಯಿ, ಇಲ್ಲವೆ ಅದರ ಬೆರಕೆಯು. ಉದ್ದನೆಯ ಮೋರೆ, ಆಳವಾದ ಎದೆ, ಒಳಕ್ಕೆ ಸೆಳೆದ ಹೊಟ್ಟೆ, ನೀಳವಾದ ಕಾಲುಗಳು ಇದರ ಲಕ್ಷಣಗಳು. ಗಂಡು ನಾಯಿಯು 68ರಿಂದ 72 ಸೆಂಟಿಮೀಟರ್, ಹೆಣ್ಣು 64ರಿಂದ 68 ಸೆಂಟಿಮೀಟರ್ ಎತ್ತರವಿರುವುದು. ಮುಧೋಳ ಸಂಸ್ಥಾನವನ್ನು 1900ರಿಂದ 1937ರ ವರೆಗೆ ಆಳಿದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಗೆ ಆಶ್ರಯವಿತ್ತು ಅದನ್ನು ಪ್ರಸಿದ್ಧಿಗೆ ತಂದರು. 2005ರಲ್ಲಿ ಭಾರತದ ಅಂಚೆ ಇಲಾಖೆಯು ಈ ನಾಯಿಯ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನ ಕೇಂದ್ರವೊಂದುಂಟು. ಶುದ್ಧ ತಳಿಯ ಮರಿಗಳನ್ನು ಬಯಸುವವರು ಅಲ್ಲಿ ವಿಚಾರಿಸಬಹುದು.

ಈ ನಾಯಿಯು ಹಿಂದೆ ಮೊಲವನ್ನೂ ಚಿಗರಿಯನ್ನೂ ಬೆನ್ನಟ್ಟಿ ಹಿಡಿಯುವುದಕ್ಕೆ ಸಾಕಲ್ಪಟ್ಟುದಾದರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಈಗ ಅಂಥ ಬೇಟೆಗೆ ಅವಕಾಶವಿಲ್ಲ. ಮೊಲವನ್ನಾಗಲಿ ಚಿಗರಿಯನ್ನಾಗಲಿ ನಾಯಿಯನ್ನು ಬಿಟ್ಟು ಹಿಡಿಸುವುದು ಅಪರಾಧವು. ತೋಳ, ಚಿರತೆ, ಕರಡಿಗಳು ಈ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿದವು. ಇವುಗಳನ್ನು ಕೊಂದವನಿಗೆ ಕನಿಷ್ಠ 3 ವರ್ಷಗಳಿಂದ 7 ವರ್ಷಗಳ ವರೆಗೆ ಸೆರೆವಾಸವೂ, 2022ರ ತಿದ್ದುಪಡಿಯಂತೆ 25,000 ರೂಪಾಯಿಗೆ ಕಡಮೆಯಿಲ್ಲದ ದಂಡವೂ ಉಂಟು. ಮನುಷ್ಯನು ತನ್ನ ಅಥವಾ ಇನ್ನೊಬ್ಬ ಮನುಷ್ಯನ ಜೀವವನ್ನು ಉಳಿಸುವ ಸಲುವಾಗಿ ಸದ್ಭಾವನೆಯಿಂದ ಮೃಗವನ್ನು ಕೊಂದರೆ ಕಾಯಿದೆಯು ಅದನ್ನು ಮನ್ನಿಸುವುದು. ನಾಯಿಯ ಜೀವವನ್ನು ಉಳಿಸುವುದಕ್ಕಾಗಿ ಕೊಂದೆನೆಂದರೆ ಆ ರಿಯಾಯತಿ ಇಲ್ಲ. ಇದರ ಅರ್ಥವನ್ನು ಭೂಮಾಲೀಕರು ಚೆನ್ನಾಗಿ ಮನಗಾಣಬೇಕು. ಮೃಗವನ್ನು ಕೊಂದು ನಾಯಿಯನ್ನು ಉಳಿಸುವ ದಾರಿಯು ಮುಚ್ಚಿದೆ. ಉಳಿದಿರುವುದು, ಮೃಗದ ಬಾಯಿಗೆ ನಾಯಿಯು ಸಿಕ್ಕದಂತೆ ನೋಡಿಕೊಳ್ಳುವ ದಾರಿಯೊಂದೇ.

ಹೀಗಾಗಿ ಈಗ ಬೇಟೆನಾಯಿಯು ಮಾಡತಕ್ಕ ಕೆಲಸವು ಕಾವಲು. ಆದರೆ ಅದರ ಮೈಯೂ ಮನಸ್ಸೂ ಓಟಕ್ಕೆಂದು ರೂಪುಗೊಂಡವು. ಕಣ್ಣಿಗೆ ಬಿದ್ದುದನ್ನು ಬೆನ್ನಟ್ಟುವುದು ಅದರ ಹುಟ್ಟುಗುಣ. ಒಡೆಯನ ಕೂಗು ಕೇಳಿಸದಷ್ಟು ದೂರ ಕ್ಷಣಮಾತ್ರದಲ್ಲಿ ಹೋಗಬಲ್ಲದು. ಅದರ ಚರ್ಮವು ತೆಳುವು, ಕೂದಲು ಗಿಡ್ಡ, ಕೊರಳು ನೀಳ. ವೇಗವೇ ಅದರ ಹೆಚ್ಚಳ; ವೇಗವೇ ಅದಕ್ಕೆ ಅಪಾಯ. ಕಂಬಳಿಯವನ ಬಳಿಯಲ್ಲಿಯೇ ಸುಳಿದಾಡುವ ನಾಡನಾಯಿಗಿಂತ ದೂರ ಓಡುವ ಜಾತಿನಾಯಿಗೆ ಹಗಲಿನಲ್ಲಿ ಭಯವು ಹೆಚ್ಚು.

ಯಾವ ಮೃಗದ ರೀತಿ ಎಂತಹದು

ಅಪಾಯವನ್ನು ತಡೆಯಬೇಕಾದರೆ ಅದು ಬರುವ ಬಗೆಯನ್ನು ಅರಿತಿರಬೇಕು. ಎಲ್ಲ ಮೃಗಗಳೂ ಒಂದೇ ರೀತಿಯಲ್ಲಿ ನಾಯಿಯನ್ನು ಹಿಡಿಯುವುದಿಲ್ಲ.

ಚಿರತೆ: ಇದು ನಾಯಿಯನ್ನು ಆಹಾರವೆಂದೇ ಎಣಿಸುವ ಮೃಗವು. ಮಹಾರಾಷ್ಟ್ರದ ಅಕೋಲೆ ತಾಲೂಕಿನ ಹೊಲಗದ್ದೆಗಳ ನಡುವೆ ವಾಸಿಸುವ ಚಿರತೆಗಳ ವಿಷಯವಾಗಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅವು ತಿಂದ ಆಹಾರದ ತೂಕದಲ್ಲಿ ನೂರಕ್ಕೆ 39 ಪಾಲು ನಾಯಿಯದೇ ಎಂದು ಕಂಡುಬಂದಿತು. ಆ ಸೀಮೆಯಲ್ಲಿ ಆಡುಗಳ ಸಂಖ್ಯೆಯು ನಾಯಿಗಳಿಗಿಂತ ಎಷ್ಟೋ ಮಡಿ ಹೆಚ್ಚಾಗಿದ್ದರೂ ಆಡಿನ ಪಾಲು ನೂರಕ್ಕೆ 11 ಮಾತ್ರವೇ ಆಗಿತ್ತು. ಕಾರಣವು ಸ್ಪಷ್ಟವಾಗಿದೆ: ಆಡನ್ನು ರಾತ್ರಿ ಒಳಗೆ ಕೂಡುವರು, ನಾಯಿಯನ್ನು ಹೊರಗೆ ಬಿಡುವರು. ಚಿರತೆಯು ಬೆನ್ನಟ್ಟಿ ಓಡುವುದಕ್ಕಿಂತ ಹೊಂಚುಹಾಕಿ ಹತ್ತಿರದಿಂದ ಎರಗುವುದೇ ಹೆಚ್ಚು. ಗಂಟಲನ್ನು ಅಥವಾ ಹೆಡಕನ್ನು ಕಚ್ಚಿ, ಉಸಿರು ನಿಂತ ಮೇಲೆ ಎಳೆದೊಯ್ಯುತ್ತದೆ. ಹಲವು ಸಲ ಬೆಳಗ್ಗೆ ಕಾಣುವುದು ಹರಿದ ಹಗ್ಗವೂ ಎಳೆದ ಗುರುತೂ ಮಾತ್ರ. ಅದರ ಹೆಜ್ಜೆಯು ದುಂಡಗಿದ್ದು ಉಗುರಿನ ಗುರುತು ಸಾಮಾನ್ಯವಾಗಿ ಬೀಳುವುದಿಲ್ಲ.

ತೋಳ: ಇದು ಬಯಲಿನ ಮೃಗವು. ಮರಡಿ, ಹುಲ್ಲುಗಾವಲು, ಕುರುಚಲು ಗಿಡಗಳಿರುವ ಸ್ಥಳ ಇದಕ್ಕೆ ಇಷ್ಟ. ಕೊಪ್ಪಳ ಜಿಲ್ಲೆಯ ಬಯಲುಗಳು ತೋಳಕ್ಕೆ ಹಳೆಯ ನೆಲೆ. ಇದೇ ಜಿಲ್ಲೆಯ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರಿನ ತೋಳಧಾಮವಿರುವುದು. ತೋಳಕ್ಕೆ ನಾಯಿಯು ಮೊದಲು ಎದುರಾಳಿ, ಆಮೇಲೆ ಆಹಾರ. ತನ್ನ ನೆಲೆಯಲ್ಲಿ, ವಿಶೇಷವಾಗಿ ಮರಿಗಳ ಸಮೀಪದಲ್ಲಿ, ಬೇರೆ ನಾಯಿಯನ್ನು ಅದು ಸಹಿಸುವುದಿಲ್ಲ. ಒಂದು ತೋಳವು ಓಡುತ್ತಿರುವಂತೆ ಕಂಡು ನಾಯಿಯು ಬೆನ್ನಟ್ಟಿದರೆ ಉಳಿದವು ಅಡ್ಡಗಟ್ಟುವುದುಂಟು. ಆಗ ಒಂಟಿ ನಾಯಿಯು ಎಷ್ಟು ಧೈರ್ಯಶಾಲಿಯಾದರೂ ಉಳಿಯುವುದು ಕಷ್ಟ. ಗಾಯಗಳು ಒಂದೇ ಕಡೆ ಇರದೆ ತೊಡೆ, ಪಕ್ಕೆ, ಹೊಟ್ಟೆ, ಗಂಟಲುಗಳಲ್ಲಿ ಹರಡಿರುತ್ತವೆ. ಹೆಜ್ಜೆಯಲ್ಲಿ ಉಗುರಿನ ಗುರುತು ಇರುವುದು.

ಕತ್ತೆಕಿರುಬ: ಇದು ಹೆಚ್ಚಾಗಿ ಸತ್ತ ಪ್ರಾಣಿಯನ್ನು ತಿನ್ನುವಂಥದು. ಆದರೂ ಒಂಟಿ ನಾಯಿಯನ್ನೂ ಮರಿಯನ್ನೂ ಹಿಡಿಯುತ್ತದೆ. ಎಲುಬನ್ನು ನುಚ್ಚುನೂರು ಮಾಡುವ ದವಡೆ ಇದಕ್ಕುಂಟು. ಮುಂಗಾಲಿನ ಹೆಜ್ಜೆಯು ಹಿಂಗಾಲಿನದಕ್ಕಿಂತ ದೊಡ್ಡದಾಗಿರುವುದು.

ಹಂದಿ ಮತ್ತು ಕರಡಿ: ಇವು ನಾಯಿಯನ್ನು ಬೇಟೆಯಾಡುವುದಿಲ್ಲ, ತಮ್ಮ ಮೇಲೆ ಬಿದ್ದ ನಾಯಿಯನ್ನು ತಿರುಗಿಬಿದ್ದು ಕೊಲ್ಲುತ್ತವೆ. ಹಂದಿಯ ಕೋರೆಯು ತೊಡೆಯನ್ನಾಗಲಿ ಹೊಟ್ಟೆಯನ್ನಾಗಲಿ ಕುಡುಗೋಲಿನಿಂದ ಸೀಳಿದಂತೆ ಸೀಳುವುದು. ಕರಡಿಯು ಉಗುರುಗಳಿಂದ ತಲೆಯನ್ನೂ ಮುಖವನ್ನೂ ಹರಿಯುವುದು. ಇವೆರಡರಿಂದ ಆಗುವ ಹಾನಿಗೆ ನಾಯಿಯನ್ನು ಛೂ ಬಿಟ್ಟ ಮನುಷ್ಯನೇ ಅನೇಕ ಸಲ ಕಾರಣನು.

ಈ ಎಲ್ಲ ಸಂಗತಿಗಳನ್ನು ಕೂಡಿಸಿ ನೋಡಿದರೆ ಒಂದು ಮಾತು ಸಿದ್ಧವಾಗುತ್ತದೆ. ನಾಯಿಯು ಸಾಯುವುದು ಹೆಚ್ಚಾಗಿ ಎರಡು ಸ್ಥಿತಿಗಳಲ್ಲಿ: ಹಗಲಿನಲ್ಲಿ ಮನುಷ್ಯನಿಂದ ದೂರವಾದಾಗ, ರಾತ್ರಿಯಲ್ಲಿ ಹೊರಗೆ ಒಂಟಿಯಾಗಿ ಉಳಿದಾಗ. ಈ ಎರಡನ್ನು ತಪ್ಪಿಸಿದವನು ಅಪಾಯದ ಬಹುಭಾಗವನ್ನು ತಪ್ಪಿಸಿದಂತೆ.

ಹಗಲಿನಲ್ಲಿ ವಹಿಸತಕ್ಕ ಎಚ್ಚರಿಕೆ

ಮೊದಲನೆಯದಾಗಿ, ನಾಯಿಯು ಕರೆದೊಡನೆ ಮರಳಿ ಬರುವಂತೆ ಮರಿಯಾಗಿರುವಾಗಲೇ ಕಲಿಸಬೇಕು. ಎರಡು ಮೂರು ತಿಂಗಳ ಮರಿಗೆ ಊಟ ಹಾಕುವಾಗಲೆಲ್ಲ ಒಂದೇ ಬಗೆಯ ಸಿಳ್ಳು ಹಾಕಿ, ಬಂದೊಡನೆ ತಿನ್ನಲು ಕೊಟ್ಟು ಮೈದಡವಬೇಕು. ತಡವಾಗಿ ಬಂದ ನಾಯಿಯನ್ನು ಹೊಡೆಯುವುದು ತೀರ ತಪ್ಪು. ಬಂದರೆ ಪೆಟ್ಟು ಎಂದು ತಿಳಿದ ನಾಯಿಯು ಮತ್ತೊಂದು ಸಲ ಬರುವುದಕ್ಕೆ ಹಿಂಜರಿಯುತ್ತದೆ. ಈ ಪಾಠವು ಪಕ್ಕಾ ಆಗುವ ವರೆಗೆ ಜಾತಿನಾಯಿಯನ್ನು ಇಪ್ಪತ್ತು ಮೂವತ್ತು ಅಡಿ ಉದ್ದದ ಹಗ್ಗದಲ್ಲಿಯೇ ಹೊಲಕ್ಕೆ ಒಯ್ಯತಕ್ಕದ್ದು.

ಎರಡನೆಯದಾಗಿ, ಕಾವಲಿಗೆಂದು ಸಾಕುವ ಮರಿಯನ್ನು ಎಂಟನೆಯ ವಾರದಿಂದ ಕುರಿಗಳ ನಡುವೆಯೇ ಬೆಳೆಸಬೇಕು. ಕುರಿಮರಿಗಳೊಡನೆ ಮಲಗಿ ಎದ್ದ ನಾಯಿಯು ಹಿಂಡನ್ನು ತನ್ನ ಬಳಗವೆಂದು ತಿಳಿದು ಅದನ್ನು ಬಿಟ್ಟು ದೂರ ಹೋಗುವುದಿಲ್ಲ. ಮೊಲವನ್ನು ಓಡಿಸಿದಾಗ ಹೊಗಳಿ, ಹಿಂಡಿನ ಬಳಿ ನಿಂತಾಗ ಸುಮ್ಮನಿದ್ದರೆ ನಾಯಿಯು ಓಡುವುದನ್ನೇ ಕಲಿಯುವುದು. ಹಿಂಡಿನ ಬಳಿ ನಿಂತು ಬೊಗಳಿದ ನಾಯಿಯನ್ನೇ ಹೊಗಳಬೇಕು. ಮೃಗವನ್ನು ಕೊಲ್ಲುವುದು ಕಾವಲುನಾಯಿಯ ಕೆಲಸವಲ್ಲ. ಅದು ಬಂದುದನ್ನು ತಿಳಿಸಿ ಮನುಷ್ಯನು ಬರುವ ವರೆಗೆ ತಡೆಯುವುದಷ್ಟೇ ಅದರ ಕೆಲಸ.

ಮೂರನೆಯದಾಗಿ, ಒಂದೇ ನಾಯಿಯನ್ನು ನಂಬಿ ಹಿಂಡನ್ನು ಅಡವಿಗೆ ಹೊಡೆಯಲಾಗದು. ಎರಡು ಮೂರು ನಾಯಿಗಳಿದ್ದರೆ ತೋಳವು ಹಿಂಜರಿಯುವುದು. ಓಟದ ನಾಯಿಯೊಂದು, ಮೈಕಟ್ಟಿನ ನಾಡನಾಯಿಗಳೆರಡು ಕೂಡಿರುವುದು ಒಳ್ಳೆಯ ಜೋಡಣೆ. ಬೆದೆಗೆ ಬಂದ ಹೆಣ್ಣುನಾಯಿಯನ್ನು ಮೂರು ವಾರಗಳ ಕಾಲ ಮನೆಯಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ಅದರ ವಾಸನೆಗೆ ಊರನಾಯಿಗಳಂತೆಯೇ ಗಂಡುತೋಳವೂ ಬರಬಹುದು. ಅದರ ಬೆನ್ನುಹತ್ತಿ ಒಳ್ಳೆಯ ಗಂಡುನಾಯಿಗಳು ಹಿಂಡನ್ನು ಬಿಟ್ಟು ಹೋಗುವುವು.

ನಾಲ್ಕನೆಯದಾಗಿ, ಕಾಲವನ್ನು ನೋಡಿ ನಡೆಯಬೇಕು. ನಮ್ಮ ಬಯಲುಸೀಮೆಯ ತೋಳಗಳು ಹೆಚ್ಚಾಗಿ ಚಳಿಗಾಲದಲ್ಲಿ, ಡಿಸೆಂಬರ್ ಜನವರಿಗಳ ಸುಮಾರಿಗೆ ಮರಿಹಾಕುತ್ತವೆ. ಹಳ್ಳದ ದಂಡೆಯ ಕೊರಕಲು, ಬಂಡೆಗಳ ಸಂದು, ದಿಬ್ಬದ ಬಿಲಗಳೇ ಅವುಗಳ ಮನೆ. ಪುಷ್ಯದಿಂದ ಚೈತ್ರದ ವರೆಗೆ ಅಂಥ ಸ್ಥಳಗಳ ಸಮೀಪ ನಾಯಿಯನ್ನು ಬಿಡಲಾಗದು. ಮುಂಗಾರಿನಲ್ಲಿ ಸಜ್ಜೆ ಮೆಕ್ಕೆಜೋಳಗಳು ಆಳೆತ್ತರ ಬೆಳೆದಾಗ ಚಿರತೆಗೂ ಹಂದಿಗೂ ಬೆಳೆಯೇ ಮರೆಯಾಗುತ್ತದೆ. ಆಗ ಬೆಳೆಯೊಳಕ್ಕೆ ನಾಯಿಯನ್ನು ನುಗ್ಗಿಸುವುದು ಕಣ್ಣುಕಟ್ಟಿ ಬಾವಿಗೆ ಇಳಿಸಿದಂತೆ. ಹಂದಿ ಹೊಕ್ಕಿತೆಂದು ಸಂಶಯವಿದ್ದರೆ ನಾಲ್ಕೈದು ಮಂದಿ ಡಬ್ಬಿ ಬಡಿದು ಕೂಗಿ, ಮೃಗಕ್ಕೆ ಹೊರಡಲು ಒಂದು ಕಡೆ ದಾರಿಬಿಟ್ಟು ಎಬ್ಬಿಸತಕ್ಕದ್ದು. ಹೊಲದ ಬದುವಿನ ಗಿಡಗಂಟಿಗಳನ್ನು ಮನೆ, ದಡ್ಡಿ, ಬಾವಿಗಳ ಸುತ್ತಲಾದರೂ ಸವರಿ ಬಯಲು ಮಾಡುವುದು ಹಿತವು.

ರಾತ್ರಿಯಲ್ಲಿ ನಾಯಿಯ ನೆಲೆ

ದಡ್ಡಿಯ ಹೊರಗೆ ಗೂಟಕ್ಕೆ ನಾಯಿಯನ್ನು ಕಟ್ಟಿ, ಅದು ಬೊಗಳಿ ಎಚ್ಚರಿಸುವುದೆಂದು ಒಳಗೆ ಮಲಗುವವರು ಬಹಳ ಮಂದಿ. ಕಟ್ಟಿದ ನಾಯಿಗೆ ಓಡುವುದಕ್ಕೂ ಬರದು, ಹೋರಾಡುವುದಕ್ಕೂ ಬರದು. ಅದು ಚಿರತೆಗೆ ಇಟ್ಟ ಎಡೆಯಂತಾಗುತ್ತದೆ. ಪೂರ್ತಿ ಬಿಟ್ಟರೆ ಅದು ಸೀಮೆ ಸುತ್ತಿ ತೋಳದ ಪಾಲಾಗಬಹುದು. ಇವೆರಡಕ್ಕೂ ನಡುವಣ ದಾರಿಯೆಂದರೆ, ಭದ್ರವಾದ ಆವರಣದ ಒಳಗೆ ನಾಯಿಯನ್ನು ಬಿಚ್ಚಿಬಿಡುವುದು.

ಊರಲ್ಲಿ ಅಥವಾ ತೋಟದ ಮನೆಯಲ್ಲಿ ನೆಲೆಯಾಗಿರುವವರು ನಾಯಿಗೊಂದು ಗೂಡನ್ನು ಕಟ್ಟಿಸಬಹುದು. ಎರಡು ನಾಯಿಗಳಿಗೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರ ಸಾಕು. ಗೋಡೆಯನ್ನು ಕಲ್ಲಿನಿಂದ ಕಟ್ಟಿ ಮೇಲೆ ಪರಸಿಕಲ್ಲು ಹಾಸಿದರೆ ಹಲವು ಕಾಲ ಬಾಳುವುದು. ಮೇಲ್ಮುಚ್ಚಿಗೆ ಇಲ್ಲದ ಗೂಡು ಗೂಡೇ ಅಲ್ಲ. ಚಿರತೆಯು ಆಳೆತ್ತರದ ಗೋಡೆಯನ್ನು ಸುಲಭವಾಗಿ ಹಾರಬಲ್ಲದು. ಬಾಗಿಲಿಗೆ ಕಬ್ಬಿಣದ ಚೌಕಟ್ಟಿನಲ್ಲಿ ಎರಡು ಅಂಗುಲಕ್ಕಿಂತ ಸಣ್ಣ ಕಣ್ಣಿನ ಜಾಲರಿಯನ್ನು ಬಿಗಿಸಿ, ಪಂಜದಿಂದ ಎಳೆದರೆ ಬಿಚ್ಚದಂತಹ ಅಗುಳಿಯನ್ನು ಹಾಕಿಸಬೇಕು. ಜಾಲರಿಯ ಬಾಗಿಲಿನಿಂದ ಗಾಳಿಯೂ ಬರುವುದು, ನಾಯಿಗೆ ಹೊರಗಿನ ವಾಸನೆಯೂ ಸಿಕ್ಕಿ ಅದು ಬೊಗಳಲಿಕ್ಕೆ ಅಡ್ಡಿಯಿರುವುದಿಲ್ಲ. ಗೂಡಿನ ಬಾಗಿಲು ಮನುಷ್ಯರು ಮಲಗುವ ಕಡೆಗೆ ಮುಖವಾಗಿರಲಿ. ಸಂಜೆಯ ಊಟವನ್ನು ಗೂಡಿನೊಳಗೇ ಹಾಕುವ ರೂಢಿಯನ್ನಿಟ್ಟರೆ ಹೊತ್ತು ಮುಳುಗುವುದರೊಳಗೆ ನಾಯಿಯು ತಾನಾಗಿ ಬಂದು ಸೇರುವುದು.

ಹಿಂಡಿನೊಡನೆ ಊರೂರು ತಿರುಗುವ ಕುರುಬರಿಗೆ ಕಲ್ಲಿನ ಗೂಡು ಸಾಧ್ಯವಿಲ್ಲ. ಸುಗ್ಗಿಯ ಬಳಿಕ ಹೊಲದಿಂದ ಹೊಲಕ್ಕೆ ಹೋಗಿ, ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವ ಈ ಜನರು ಬಲೆಯ ದಡ್ಡಿಯಲ್ಲಿ ಹಿಂಡನ್ನು ಕೂಡುವರು. ಇವರು ನಾಯಿಗಳನ್ನು ಬಲೆಯ ಒಳಗೆ, ತಾವು ಮಲಗುವ ಸ್ಥಳಕ್ಕೆ ಸಮೀಪದಲ್ಲಿ ಇಟ್ಟುಕೊಳ್ಳತಕ್ಕದ್ದು. ಬಲೆಯ ಹೊರಗೆ ಜಾಲಿಯ ಮುಳ್ಳುಕಂಟಿಯನ್ನು ಸುತ್ತ ಒತ್ತಾಗಿ ಜೋಡಿಸಿದರೆ ತೋಳಕ್ಕೆ ತಡೆಯಾಗುವುದು. ಮಡಚಿ ಹೊರಬಹುದಾದ ಕಬ್ಬಿಣದ ಜಾಲರಿಯ ಪಂಜರವೊಂದನ್ನು ಒಯ್ದರೆ ಹಾಲೂಡುವ ನಾಯಿಗೂ ಮರಿಗಳಿಗೂ ರಕ್ಷಣೆ ದೊರೆಯುವುದು. ಕುರಿ ನಿಲ್ಲಿಸಿಕೊಂಡು ಗೊಬ್ಬರದ ಲಾಭ ಪಡೆಯುವ ಹೊಲದ ಒಡೆಯನು ಮುಳ್ಳನ್ನೂ ಉರುವಲನ್ನೂ ಒದಗಿಸಿಕೊಡುವುದು ನ್ಯಾಯವು. ಹಿಂಡಿನ ರಕ್ಷಣೆಯಲ್ಲಿ ಅವನಿಗೂ ಹಿತವಿದೆ.

ದೀಪ ಮತ್ತು ಬೆಂಕಿಗಳು ಸಹಾಯಕ್ಕೆ ಬರುತ್ತವೆ, ಆದರೆ ಅವನ್ನೇ ನಂಬಲಾಗದು. ಒಂದೇ ಸ್ಥಳದಲ್ಲಿ ನಿತ್ಯವೂ ಉರಿಯುವ ದೀಪಕ್ಕೆ ಮೃಗವು ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ. ದೀಪದ ಸ್ಥಳವನ್ನು ಮೂರು ನಾಲ್ಕು ದಿನಗಳಿಗೊಮ್ಮೆ ಬದಲಿಸಬೇಕು. ನಾಯಿ ಬೊಗಳಿದಾಗ ಮನುಷ್ಯನು ಏಳುವುದೇ ಎಲ್ಲಕ್ಕಿಂತ ದೊಡ್ಡ ದೀಪ. ಏಳುವವನು ಬ್ಯಾಟರಿ ಹಿಡಿದು ಕೂಗುತ್ತ ಹೊರಡಲಿ. ಕತ್ತಲೆಗೆ ನಾಯಿಯನ್ನು ಮುಂದೆ ಅಟ್ಟದಿರಲಿ.

ಮುಳ್ಳಿನ ಕೊರಳಪಟ್ಟಿ

ಚಿರತೆಯೂ ತೋಳವೂ ಹಿಡಿಯಲೆಳಸುವ ಮುಖ್ಯ ಸ್ಥಳವು ಕೊರಳು. ಕೊರಳಿಗೆ ಕಾಪು ಕಟ್ಟುವ ಉಪಾಯವು ಬಹು ಪುರಾತನವಾದುದು. ಕ್ರಿಸ್ತಪೂರ್ವ 37ರ ಸುಮಾರಿಗೆ ಒಕ್ಕಲುತನದ ಮೇಲೆ ಗ್ರಂಥ ಬರೆದ ರೋಮಿನ ವರೋ ಎಂಬ ಪಂಡಿತನು ಕುರುಬರ ನಾಯಿಗಳಿಗೆ ಮೊಳೆಗಳುಳ್ಳ ತೊಗಲಿನ ಪಟ್ಟಿಯನ್ನು ಕಟ್ಟುವ ಪದ್ಧತಿಯನ್ನು ವಿವರಿಸಿರುವನು. ಮೊಳೆಯ ತಲೆಗಳು ನಾಯಿಯ ಕೊರಳನ್ನು ಒತ್ತದಂತೆ ಒಳಗೆ ಮೆತ್ತನೆಯ ತೊಗಲನ್ನು ಹೊಲಿಯುತ್ತಿದ್ದರೆಂದೂ, ಒಂದು ಸಲ ಈ ಪಟ್ಟಿಯಿಂದ ಗಾಯಗೊಂಡ ತೋಳವು ಪಟ್ಟಿಯಿಲ್ಲದ ನಾಯಿಗಳಿಗೂ ಅಂಜುವುದೆಂದೂ ಅವನು ಹೇಳಿರುವನು. ಹಿಮಾಲಯದ ಕುರಿಗಾರರು ತಮ್ಮ ದೊಡ್ಡ ನಾಯಿಗಳಿಗೆ ಚಿರತೆಯ ಭಯದಿಂದ ಇಂಥ ಕಬ್ಬಿಣದ ಪಟ್ಟಿಗಳನ್ನು ಕಟ್ಟುವರು.

ಇದನ್ನು ಊರಲ್ಲಿಯೇ ಮಾಡಿಸಬಹುದು. ಎರಡೂವರೆ ಅಂಗುಲ ಅಗಲದ ಗಟ್ಟಿ ತೊಗಲಿನ ಪಟ್ಟಿಯಲ್ಲಿ ಒಂದೊಂದು ಅಂಗುಲಕ್ಕೆ ಒಂದರಂತೆ ಎರಡು ಸಾಲು ಮೊಳೆಗಳನ್ನು ಒಳಗಿನಿಂದ ಹೊರಕ್ಕೆ ಹೊಡೆಯಬೇಕು. ಮೊನೆಗಳು ಸುಮಾರು ಒಂದು ಅಂಗುಲ ಹೊರಚಾಚಿರಲಿ. ಒಳಮೈಗೆ ಮೆದು ತೊಗಲನ್ನಾಗಲಿ ಹಳೆಯ ಕಂಬಳಿಯ ತುಂಡನ್ನಾಗಲಿ ಹೊಲಿಯಬೇಕು. ಜಾತಿನಾಯಿಯ ಚರ್ಮವು ತೆಳುವಾದ ಕಾರಣ ಈ ಒಳಪದರವು ಅತ್ಯವಶ್ಯ. ಕಟ್ಟಿದ ಮೇಲೆ ಎರಡು ಬೆರಳು ಸಲೀಸಾಗಿ ಆಡುವಷ್ಟು ಸಡಿಲವಿರಬೇಕು. ಮಳೆಗಾಲದಲ್ಲಿ ನಿತ್ಯವೂ ಬಿಚ್ಚಿ, ಕೊರಳಿನಲ್ಲಿ ಹುಣ್ಣಾಗಿಲ್ಲವೆಂದು ನೋಡತಕ್ಕದ್ದು. ಹಾಲೂಡುವ ನಾಯಿಗೆ ಇದನ್ನು ಕಟ್ಟಬಾರದು. ಮಕ್ಕಳು ಆಡುವ ಅಂಗಳದಲ್ಲಿಯೂ ಬಿಚ್ಚಿಡುವುದು ಲೇಸು. ಪಟ್ಟಿಯು ನಾಯಿಗೆ ಕೆಲವು ಕ್ಷಣಗಳ ಅವಕಾಶವನ್ನು ಕೊಡುವುದೇ ಹೊರತು ಗೂಡಿಗೆ ಬದಲಾಗಲಾರದು.

ಗಾಯಗೊಂಡ ನಾಯಿಯ ಶುಶ್ರೂಷೆ

ಮೃಗದ ಬಾಯಿಂದ ಬಿಡಿಸಿಕೊಂಡು ಬಂದ ನಾಯಿಯು ನೋವಿನಿಂದ ಒಡೆಯನನ್ನೇ ಕಚ್ಚಬಹುದು. ಅದನ್ನು ಕಂಬಳಿಯಲ್ಲಿ ಸುತ್ತಿ ಹಿಡಿಯಬೇಕು. ರಕ್ತವು ಚಿಮ್ಮುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಐದು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ಆಮೇಲೆ ಕೈಗೆ ಚೀಲ ಕಟ್ಟಿಕೊಂಡು ಗಾಯವನ್ನು ಸಾಬೂನು ಮತ್ತು ಧಾರಾಳವಾದ ನೀರಿನಿಂದ ತೊಳೆಯಬೇಕು. ಹೊಟ್ಟೆ ಸೀಳಿ ಕರುಳು ಕಂಡರೆ ಒಳಗೆ ತುರುಕದೆ, ಒದ್ದೆಯಾದ ಶುಭ್ರ ಬಟ್ಟೆಯನ್ನು ಸುತ್ತಿ ಕೂಡಲೆ ಪಶುವೈದ್ಯರ ಬಳಿಗೆ ಒಯ್ಯತಕ್ಕದ್ದು. ಹಲ್ಲು ಇಳಿದ ಗಾಯವು ಮೇಲೆ ಚಿಕ್ಕದಾಗಿ ಕಂಡರೂ ಒಳಗೆ ಆಳವಾಗಿರುವುದರಿಂದ ಅದನ್ನು ಮನೆಯಲ್ಲಿ ಹೊಲಿಯುವುದೂ ಸಗಣಿ, ಬೂದಿ, ಖಾರ ಮೆತ್ತುವುದೂ ಹಾನಿಕರ. ನೊಣ ಕೂತು ಹುಳು ಬೀಳದಂತೆ ಗಾಯದ ಸುತ್ತಲೂ ಬೇವಿನೆಣ್ಣೆ ಸವರಬಹುದು. 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ಸಹಾಯವನ್ನು ಕೇಳಬಹುದು.

ಗಾಯಕ್ಕಿಂತ ಘೋರವಾದುದು ಹುಚ್ಚುರೋಗ. ಅದು ತೋಳ, ನರಿ, ನಾಯಿಗಳಲ್ಲಿ ಒಂದರಿಂದ ಒಂದಕ್ಕೆ ಕಚ್ಚುವಿಕೆಯಿಂದ ಹರಡುವುದು. ನಾಯಿಯಿಂದ ಮನೆಯ ಮಕ್ಕಳಿಗೆ ಬರುವುದು. ರೋಗವು ತೋರಿದ ಮೇಲೆ ಬದುಕುವ ಆಸೆ ಇಲ್ಲವೆನ್ನಬಹುದು. ಆದುದರಿಂದ ಮರಿಗೆ ಮೂರು ತಿಂಗಳಾದಾಗ ಒಮ್ಮೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷವರ್ಷವೂ ಚುಚ್ಚುಮದ್ದು ಹಾಕಿಸಲೇಬೇಕು. ಚುಚ್ಚುಮದ್ದು ಆಗಿರುವ ನಾಯಿಯನ್ನು ಮೃಗವು ಕಚ್ಚಿದರೆ ಕೂಡಲೆ ಮತ್ತೊಂದು ಸಲ ಹಾಕಿಸಿ 45 ದಿನಗಳ ಕಾಲ ಕಣ್ಣಿಟ್ಟಿರಬೇಕು. ಚುಚ್ಚುಮದ್ದು ಆಗದ ನಾಯಿಯ ವಿಷಯದಲ್ಲಿ ವೈದ್ಯರ ಅಪ್ಪಣೆಯಂತೆ ನಡೆಯತಕ್ಕದ್ದು. ಮೃಗವಾಗಲಿ ಅದರಿಂದ ಕಚ್ಚಿಸಿಕೊಂಡ ನಾಯಿಯಾಗಲಿ ಮನುಷ್ಯನನ್ನು ಕಚ್ಚಿದರೆ, ಗಾಯವನ್ನು 15 ನಿಮಿಷ ಸಾಬೂನು ನೀರಿನಿಂದ ತೊಳೆದು ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ತಡಮಾಡಲಾಗದು.

ಡಿಸ್ಟೆಂಪರ್ ಎಂಬ ಇನ್ನೊಂದು ರೋಗಕ್ಕೂ ಚುಚ್ಚುಮದ್ದು ಉಂಟು. ಇದು ನಾಯಿಗಳಿಂದ ಕಾಡುಮೃಗಗಳಿಗೂ ತಗಲುವಂಥದು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಕೆಲವುಗಳಲ್ಲಿ ಈ ರೋಗದ ವಿಷಾಣುವು ಕಂಡುಬಂದಿತು. ನಾಯಿಗೆ ಹಾಕಿದ ಮದ್ದು ನಾಯಿಯನ್ನೂ ಅಡವಿಯನ್ನೂ ಕೂಡಿಯೇ ಕಾಯುತ್ತದೆ.

ವಿಷ ಮತ್ತು ಉರುಲು

ನಾಯಿಯನ್ನು ಕಳಕೊಂಡ ಸಿಟ್ಟಿನಲ್ಲಿ ಸತ್ತ ಪ್ರಾಣಿಗೆ ವಿಷ ಬೆರೆಸಿ ಇಡುವವರುಂಟು. ಇದು ಶಿಕ್ಷಾರ್ಹವಾದ ಅಪರಾಧವು ಮಾತ್ರವಲ್ಲ, ಬುದ್ಧಿಗೇಡಿತನವೂ ಹೌದು. ಆ ಮಾಂಸವನ್ನು ಮೊದಲು ಮೂಸುವುದು ಊರ ನಾಯಿಗಳೇ. ಹಂದಿಗೆಂದು ಒಡ್ಡಿದ ತಂತಿಯ ಉರುಲು, ತಿನಿಸಿನಲ್ಲಿ ಅಡಗಿಸಿದ ಸಿಡಿಮದ್ದು, ಬೇಲಿಗೆ ಹರಿಸಿದ ವಿದ್ಯುತ್ತು ಇವುಗಳಿಂದಲೂ ನಾಯಿ, ಕರು, ಕಡೆಗೆ ಮನುಷ್ಯರು ಸಹ ಸಾಯುವರು. ಕಾಡುಮೃಗದಿಂದ ನಾಯಿಯನ್ನು ಕಾಪಾಡಹೊರಟವನು ಮೊದಲು ಮನುಷ್ಯನು ಒಡ್ಡಿದ ಬಲೆಯಿಂದ ಅದನ್ನು ಕಾಪಾಡಬೇಕು.

ಗ್ರಾಮಪ್ರಮುಖರ ಹೊಣೆ

ಒಬ್ಬೊಬ್ಬ ರೈತನು ಮಾಡಬಹುದಾದುದು ಇಷ್ಟು. ಊರು ಕೂಡಿ ಮಾಡತಕ್ಕ ಕೆಲಸಗಳು ಬೇರೆ ಇವೆ; ಅವಕ್ಕೆ ಗ್ರಾಮದ ಗೌಡರೂ ಹಿರಿಯರೂ ಪಂಚಾಯತಿಯ ಸದಸ್ಯರೂ ಮುಂದಾಗಬೇಕು.

ಅವುಗಳಲ್ಲಿ ಮೊದಲನೆಯದು ಸುದ್ದಿಯನ್ನು ಸಾರುವುದು. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದಲ್ಲಿ ಬೇಟೆನಾಯಿಗಳನ್ನು ತೋಳಗಳು ಕೊಲ್ಲುವುದುಂಟು. ಅಲ್ಲಿಯ ಸರಕಾರವು ಒಂದು ಕಡೆ ಹಾಗಾದೊಡನೆ ಆ ಸ್ಥಳದ ಸುತ್ತಣ ಪ್ರದೇಶವನ್ನು ನಕಾಶೆಯಲ್ಲಿ ಗುರುತಿಸಿ, ಇಲ್ಲಿ ನಾಯಿಗಳನ್ನು ಬಿಡುವವರು ಎಚ್ಚರದಿಂದಿರಬೇಕೆಂದು ಪ್ರಕಟಿಸುವುದು. ಒಮ್ಮೆ ನಾಯಿಯನ್ನು ಕೊಂದ ತೋಳಗಳ ಗುಂಪು ಅದೇ ಸ್ಥಳದ ಸಮೀಪದಲ್ಲಿ ಮತ್ತೊಮ್ಮೆ ಕೊಲ್ಲಬಹುದೆಂಬುದೇ ಇದಕ್ಕೆ ಕಾರಣ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ನಕಾಶೆಯೂ ಬೇಡ, ಖರ್ಚೂ ಬೇಡ. ಯಾವ ಹೊಲದ ಬಳಿ ಯಾವ ದಿನ ಯಾವ ಮೃಗವು ನಾಯಿಯನ್ನಾಗಲಿ ಕುರಿಯನ್ನಾಗಲಿ ಹಿಡಿಯಿತೆಂಬುದನ್ನು ಅದೇ ಸಂಜೆ ಡಂಗುರದಿಂದಾಗಲಿ ಗುಡಿಯ ಧ್ವನಿವರ್ಧಕದಿಂದಾಗಲಿ ಮೊಬೈಲ್ ಸಂದೇಶದಿಂದಾಗಲಿ ಊರಿಗೂ, ಸೀಮೆಯಲ್ಲಿ ಇಳಿದಿರುವ ಪರಊರ ಕುರುಬರಿಗೂ ತಿಳಿಸಿದರೆ ಸಾಕು. ಪಂಚಾಯತಿಯಲ್ಲಿ ಒಂದು ಪುಸ್ತಕವನ್ನಿಟ್ಟು ದಿನ, ಸ್ಥಳ, ಮೃಗ, ಹಾನಿ ಈ ನಾಲ್ಕನ್ನು ಬರೆದಿಡಬೇಕು. ಒಂದೆರಡು ವರ್ಷಗಳಲ್ಲಿ ಯಾವ ಹಳ್ಳದ ದಂಡೆಯಲ್ಲಿ ಯಾವ ತಿಂಗಳು ಭಯವೆಂಬುದು ಆ ಪುಸ್ತಕದಿಂದಲೇ ಗೊತ್ತಾಗುವುದು. ಅರಣ್ಯ ಇಲಾಖೆಯವರಿಗೆ ಕೂಡಲೆ ತಿಳಿಸಿ, ಅವರು ಬಂದು ನೋಡುವ ವರೆಗೆ ಸತ್ತ ಪ್ರಾಣಿಯನ್ನೂ ಹೆಜ್ಜೆಗಳನ್ನೂ ಹಾಗೆಯೇ ಬಿಡತಕ್ಕದ್ದು.

ಎರಡನೆಯದು ಊರ ಹೊರಗಿನ ತಿಪ್ಪೆ. ಸತ್ತ ಕುರಿ, ಕೋಳಿಯ ರೆಕ್ಕೆ ಕರುಳು, ಮಾಂಸದಂಗಡಿಯ ಕಸ ಇವುಗಳನ್ನು ಹಳ್ಳಕ್ಕೆ ಎಸೆಯುವುದರಿಂದ ಮೊದಲು ಬೀದಿನಾಯಿಗಳು ಹೆಚ್ಚುತ್ತವೆ. ಆ ನಾಯಿಗಳನ್ನು ತಿನ್ನಲು ಚಿರತೆಯು ಬರುತ್ತದೆ. ಬಂದ ಚಿರತೆಯು ಮನೆಯ ನಾಯಿಯನ್ನೂ ಹುಡುಕುತ್ತದೆ. ಆರು ಅಡಿ ಆಳದ ಗುಂಡಿಯನ್ನು ತೋಡಿಸಿ, ಸುಣ್ಣ ಚೆಲ್ಲಿ ಮಣ್ಣು ಮುಚ್ಚುವ ಏರ್ಪಾಡನ್ನು ಪಂಚಾಯತಿಯು ಮಾಡಬೇಕು. ಬೀದಿನಾಯಿಗಳ ಸಂತಾನಹರಣ ಚಿಕಿತ್ಸೆಯನ್ನೂ ಚುಚ್ಚುಮದ್ದನ್ನೂ ಪಶುವೈದ್ಯ ಇಲಾಖೆಯ ಸಹಾಯದಿಂದ ನಡೆಸಬೇಕು.

ಮೂರನೆಯದು, ವರ್ಷಕ್ಕೊಂದು ದಿನ ಊರ ನಾಯಿಗಳಿಗೆಲ್ಲ ಒಂದೇ ಕಡೆ ಚುಚ್ಚುಮದ್ದು ಹಾಕಿಸುವುದು. ಕಾರಹುಣ್ಣಿಮೆಗೆ ಎತ್ತುಗಳನ್ನು ತೊಳೆದು ಸಿಂಗರಿಸುವ ಊರಿಗೆ, ಅದೇ ವಾರ ನಾಯಿಗಳನ್ನು ಸೇರಿಸುವುದು ಕಷ್ಟವಾಗದು. ಮುಂಗಾರಿನ ಬೆಳೆಯು ಎತ್ತರವಾಗುವ ಮೊದಲೇ ಈ ಕೆಲಸವು ಮುಗಿದಂತಾಗುವುದು.

ಸಾರಾಂಶ

1. ಕರೆದೊಡನೆ ಬಾರದ ನಾಯಿಯನ್ನು ಹೊಲದಲ್ಲಿ ಬಿಚ್ಚಬಾರದು.

2. ಮೃಗದ ಮೇಲೆ ನಾಯಿಯನ್ನು ಛೂ ಬಿಡಬಾರದು. ಆಳೆತ್ತರದ ಬೆಳೆಯೊಳಕ್ಕೆ ನುಗ್ಗಿಸಬಾರದು.

3. ಪುಷ್ಯದಿಂದ ಚೈತ್ರದ ವರೆಗೆ ತೋಳದ ಬಿಲಗಳಿರುವ ಹಳ್ಳ ದಿಬ್ಬಗಳಿಂದ ನಾಯಿಗಳನ್ನು ದೂರವಿಡಬೇಕು.

4. ರಾತ್ರಿ ನಾಯಿಯನ್ನು ಹೊರಗೆ ಕಟ್ಟದೆ, ಮೇಲ್ಮುಚ್ಚಿಗೆಯುಳ್ಳ ಗೂಡಿನಲ್ಲಾಗಲಿ ದಡ್ಡಿಯೊಳಗಾಗಲಿ ಬಿಚ್ಚಿಬಿಡಬೇಕು.

5. ಭಯವಿರುವ ಸೀಮೆಯಲ್ಲಿ ಮುಳ್ಳಿನ ಕೊರಳಪಟ್ಟಿಯನ್ನು ಕಟ್ಟಬೇಕು.

6. ಹುಚ್ಚುರೋಗದ ಚುಚ್ಚುಮದ್ದನ್ನು ಎಂದೂ ತಪ್ಪಿಸಬಾರದು.

7. ವಿಷ, ಉರುಲು, ಸಿಡಿಮದ್ದುಗಳಿಗೆ ಊರ ಸೀಮೆಯಲ್ಲಿ ಎಡೆಗೊಡಬಾರದು.

8. ಒಂದು ನಾಯಿ ಸತ್ತ ಸುದ್ದಿಯು ಅದೇ ಸಂಜೆ ಇಡೀ ಊರಿಗೆ ಮುಟ್ಟಬೇಕು.

ಕೋಟೆ ಸೂರೆಹೋದ ಮೇಲೆ ದಿಡ್ಡಿಯ ಬಾಗಿಲು ಹಾಕಿದರು ಎಂಬ ಗಾದೆಯುಂಟು. ಮೇಲೆ ಹೇಳಿದ ಕ್ರಮಗಳಲ್ಲಿ ಯಾವುದಕ್ಕೂ ದೊಡ್ಡ ಹಣ ಬೇಕಾಗಿಲ್ಲ. ಹಳೆಯ ಕಲ್ಲು, ನಾಲ್ಕು ಮೊಳ ಜಾಲರಿ, ಒಂದು ತುಂಡು ತೊಗಲು, ಸಂಜೆ ಐದು ನಿಮಿಷದ ಎಚ್ಚರ ಇವಿಷ್ಟೇ ಸಾಕು. ಗ್ರಾಮಪ್ರಮುಖರೂ ಭೂಮಾಲೀಕರೂ ಮೊದಲು ತಮ್ಮ ಮನೆಯ ನಾಯಿಗೆ ಗೂಡು ಕಟ್ಟಿಸಿದರೆ, ಉಳಿದ ರೈತರು ನೋಡಿ ಕಲಿಯುವರು. ಬರುವ ಮುಂಗಾರಿನ ಬಿತ್ತಿಗೆಗೆ ಮುಂಚೆಯೇ ಈ ಕೆಲಸವು ನಡೆಯಲಿ.